ಸೈಕಲ್ಲು ನಿಜಕ್ಕೂ ಎಷ್ಟು ಅಪಾಯ?

(ಕಳೆದ ತಿಂಗಳ ಸಭೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹರೂಪ)



ಅಡಿಕೆ, ಕಾಳುಮೆಣಸು, ಹುಳಿಮಣ್ಣು ಎಂದು ಮಾತನಾಡುವವನು ಈ ದಿನ ಬೆಂಗಳೂರಿನ ರಸ್ತೆಯ ವಿಷಯವನ್ನು ಎತ್ತಿಕೊಂಡದ್ದೇಕೆಂದು ನಿಮಗೆ ಅನ್ನಿಸಬಹುದು. ಕಾರಣ ನಮ್ಮ ಮನೆಯದೇ. ನನ್ನ ಅಕ್ಕನ ಮಗ ಇಂದಿರಾನಗರದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಅವನ ಕೋಣೆ ಇರುವುದು ಕೆ.ಆರ್. ಪುರದ ಒಳಭಾಗದಲ್ಲಿ. ಬೆಳಗಿನ ನಾಲ್ಕೂವರೆಗೆ ಒಲೆ ಹೊತ್ತಿಸಬೇಕು. 2023ರ ಅಕ್ಟೋಬರಿನಿಂದ ಕೆ.ಆರ್. ಪುರಕ್ಕೂ ಇಂದಿರಾನಗರಕ್ಕೂ ನೇರ ಮೆಟ್ರೊ ಸಂಪರ್ಕವಿದೆ, ನಿಜ. ಆದರೆ ಅವನ ಹೊತ್ತಿಗೆ ಮೊದಲ ರೈಲು ಇನ್ನೂ ಹೊರಟಿರುವುದಿಲ್ಲ. ಆಟೋಕ್ಕೆ ಕೊಟ್ಟರೆ ಸಂಬಳದಲ್ಲಿ ಉಳಿಯುವುದೇನು? ಹೀಗಾಗಿ ಹಳೆಯದೊಂದು ಸೈಕಲ್ಲು ಕೊಂಡ.

ಸುದ್ದಿ ಊರಿಗೆ ತಲುಪಿದ ದಿನವೇ ಅಕ್ಕನ ಫೋನು ಬಂತು. “ನೀನು ಓದಿದವನು, ತಮ್ಮಾ. ಅವನು ನನ್ನ ಮಾತು ಕೇಳುವುದಿಲ್ಲ. ಸೈಕಲ್ಲು ಬೇಡವೆಂದು ನೀನೇ ಹೇಳು.” ಹೇಳುವುದು ಸುಲಭವಾಗಿತ್ತು. ಆದರೆ ತಿಳಿಯದೆ ಹೇಳುವ ಅಭ್ಯಾಸ ನನಗಿಲ್ಲ. ಬೇರೆ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಎರಡು ದಿನ ಹೆಚ್ಚಿಗೆ ಉಳಿದು, ಬಾಡಿಗೆಗೆ ಒಂದು ಸೈಕಲ್ಲು ಹಿಡಿದು, ಅವನ ಹಿಂದೆಯೇ ಹೋದೆ.

ಮೊದಲು ಅಂಕಿಗಳ ವಿಷಯ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ಮೋಟಾರು ವಾಹನಗಳವರು ನೂರಕ್ಕೆ 44ಕ್ಕೂ ಹೆಚ್ಚು, ಪಾದಚಾರಿಗಳು 19ಕ್ಕೂ ಹೆಚ್ಚು, ಸೈಕಲ್ ಸವಾರರು ಮೂರಕ್ಕಿಂತ ಸ್ವಲ್ಪ ಕಡಿಮೆ. ಇದನ್ನು ಓದಿ, “ನೋಡಿ, ಸೈಕಲ್ಲು ಎಷ್ಟು ಸುರಕ್ಷಿತ!” ಎಂದು ಸಂತೋಷಪಡುವವರಿದ್ದಾರೆ. ನಮ್ಮಂಥ ಪರಿಸರದವರಲ್ಲಿಯೇ ಇದ್ದಾರೆ. ಅದು ತಪ್ಪು ಲೆಕ್ಕ.

ತಪ್ಪು ಹೇಗೆಂದು ನಿಮಗೆ ವಿವರಿಸುವುದು ಕಷ್ಟವಲ್ಲ. ಒಬ್ಬನ ತೋಟದಲ್ಲಿ ಹತ್ತು ಮರಕ್ಕೆ ಕೊಳೆರೋಗ ಬಂತು ಎಂದರೆ ನೀವು ಮೊದಲು ಕೇಳುವ ಪ್ರಶ್ನೆ: ಎಷ್ಟು ಮರದಲ್ಲಿ? ನೂರರಲ್ಲಿ ಹತ್ತೋ, ಎರಡು ಸಾವಿರದಲ್ಲಿ ಹತ್ತೋ? ಕೊನೆಗಾರರೇ ಇಲ್ಲದ ಊರಿನಲ್ಲಿ ಅಡಿಕೆಮರದಿಂದ ಬಿದ್ದವರು ಯಾರೂ ಇರುವುದಿಲ್ಲ. ಅದರಿಂದ ಆ ಊರಿನ ಮರಗಳು ಜಾರುವುದಿಲ್ಲವೆಂದು ಹೇಳಲಾದೀತೇ? ಸೈಕಲ್ಲಿನವರು ಒಟ್ಟು ಎಷ್ಟು ಮಂದಿ, ದಿನಕ್ಕೆ ಎಷ್ಟು ಕಿಲೋಮೀಟರು ಹೋದರು ಎಂಬ ಕೆಳಗಿನ ಸಂಖ್ಯೆ ಆ ವರದಿಯಲ್ಲಿ ಇಲ್ಲ. ಮೇಲಿನ ಸಂಖ್ಯೆಯೊಂದನ್ನೇ ಹಿಡಿದು ಅಪಾಯವನ್ನು ಅಳೆಯಲಾಗದು. 2011ರ ಜನಗಣತಿಯಲ್ಲಿ ದೇಶದ ನೂರರಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ಲು ಇತ್ತು. ಮೂಲೆಯಲ್ಲಿ ಒರಗಿಸಿಟ್ಟ ಸೈಕಲ್ಲು ಯಾರನ್ನೂ ಬೀಳಿಸುವುದಿಲ್ಲ.

ಆದುದರಿಂದ ಸರಾಸರಿಯನ್ನು ಬಿಟ್ಟು ರಸ್ತೆಗೇ ಬರೋಣ.

ಮೊದಲ ದಿನ ಬೆಳಗಿನ ಜಾವ ಮೂರೂಮುಕ್ಕಾಲಿಗೆ ಹೊರಟೆವು. 2003ರಲ್ಲಿ ತೆರೆದ ಕೆ.ಆರ್. ಪುರದ ತೂಗುಸೇತುವೆಯನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ನೋಡಲು ಸುಂದರವೇ. ಅದನ್ನು ಇಳಿದು ಟಿನ್ ಫ್ಯಾಕ್ಟರಿಯ ಕಡೆಗೆ ಬರುವಾಗ ರಸ್ತೆ ಅಗಲ, ಬಹುಮಟ್ಟಿಗೆ ಖಾಲಿ. ಹಗಲಿನ ದಟ್ಟಣೆಯ ಹೊತ್ತಿನಲ್ಲಿ ನಗರದೊಳಗೆ ಬಿಡದ ಭಾರದ ಲಾರಿಗಳೆಲ್ಲ ಆ ಹೊತ್ತಿಗೆ ಓಡುತ್ತವೆ. ಬೆನ್ನ ಹಿಂದೆ ಸದ್ದು ಕೇಳುತ್ತದೆ, ಬೆಳಕು ಬೆಳೆಯುತ್ತದೆ, ಗಾಳಿ ಒಮ್ಮೆ ತಳ್ಳಿ ಮರುಕ್ಷಣ ಒಳಕ್ಕೆ ಎಳೆಯುತ್ತದೆ. ಲಾರಿ ದಾಟಿದ ಮೇಲೆಯೇ ಉಸಿರು. ನನ್ನ ಮುಂದಿದ್ದ ಹುಡುಗನ ಸೈಕಲ್ಲಿಗೆ ಹಿಂದೆ ಒಂದು ಕೆಂಪು ಬಿಲ್ಲೆಯೂ ಇರಲಿಲ್ಲ. ಮೈಮೇಲೆ ಕಪ್ಪು ಅಂಗಿ. ನಾಲ್ಕು ಮಾರು ಹಿಂದಿದ್ದ ನನಗೇ ಅವನು ಕಾಣುತ್ತಿರಲಿಲ್ಲವೆಂದರೆ ಲಾರಿಯವನಿಗೆ ಕಂಡೀತು ಎನ್ನುವುದು ದೇವರ ಮೇಲೆ ಭಾರ ಹಾಕಿದಂತೆ.

ಅಂದು ಹತ್ತು ಗಂಟೆಯ ನಂತರ ನಾನೊಬ್ಬನೇ ಇಂದಿರಾನಗರದಿಂದ ಹೊರಟು ಹಲಸೂರು ಹಾಯ್ದು, ಕೆರೆಯ ಬದಿಯಿಂದ ಸೇಂಟ್ ಜಾನ್ಸ್ ರಸ್ತೆ ಹಿಡಿದು ಶಿವಾಜಿನಗರಕ್ಕೆ ಹೋದೆ. ದಂಡಿನ ಕಾಲದ ಹಳೆಯ ಬೀದಿಗಳು. ರಸೆಲ್ ಮಾರುಕಟ್ಟೆಯ ಸುತ್ತ ಕೈಗಾಡಿ, ಆಟೋ, ಬಸ್ಸು, ಬುಟ್ಟಿ ಹೊತ್ತ ಹೆಂಗಸರು, ಫ್ಲಾಸ್ಕು ತೂಗುಹಾಕಿಕೊಂಡು ಸೈಕಲ್ಲಿನಲ್ಲಿ ಚಹಾ ಮಾರುವವರು. ಮೊದಲ ನೋಟಕ್ಕೆ ಇದಕ್ಕಿಂತ ಅಪಾಯದ ಜಾಗವಿಲ್ಲ ಎನ್ನಿಸಬೇಕು. ಆದರೆ ಅಲ್ಲಿ ಯಾವ ವಾಹನವೂ ನನಗಿಂತ ವೇಗವಾಗಿ ಹೋಗುತ್ತಿರಲಿಲ್ಲ. ಬೈಗುಳವಿತ್ತು, ಹೊಗೆಯಿತ್ತು, ಜೀವಭಯ ಇರಲಿಲ್ಲ.

ಇದರ ಹಿಂದೆ ಸರಳವಾದ ಭೌತಶಾಸ್ತ್ರವಿದೆ. ಇಲ್ಲಿರುವ ಪ್ರೌಢಶಾಲೆಯ ಮಕ್ಕಳು ನನಗಿಂತ ಚೆನ್ನಾಗಿ ಹೇಳಬಲ್ಲರು. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗಂಟೆಗೆ 30 ಕಿ.ಮೀ. ವೇಗದ ವಾಹನ 60ಕ್ಕೆ ಏರಿದರೆ ಹೊಡೆತ ಇಮ್ಮಡಿಯಲ್ಲ, ನಾಲ್ಮಡಿ. 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನವು, ನಡೆಯುವವರೂ ಸೈಕಲ್ಲಿನವರೂ ವಾಹನಗಳೊಡನೆ ಬೆರೆಯುವ ಕಡೆ ಗರಿಷ್ಠ ವೇಗವನ್ನು 30ಕ್ಕೆ ಮಿತಿಗೊಳಿಸಬೇಕೆಂದು ಘೋಷಿಸಿತು. ಶಿವಾಜಿನಗರ ಆ ಘೋಷಣೆಯನ್ನು ಯಾರ ಅಪ್ಪಣೆಯೂ ಇಲ್ಲದೆ ಪಾಲಿಸುತ್ತಿದೆ! ನಮ್ಮ ದೇಶದ ರಸ್ತೆ ಸಾವುಗಳಲ್ಲಿ ನೂರಕ್ಕೆ 71ರಷ್ಟಕ್ಕೆ ಅತಿವೇಗವೇ ಕಾರಣವೆಂದು ಅದೇ 2022ರ ವರದಿ ಹೇಳುತ್ತದೆ.

ಹಾಗೆಂದು ನಿಧಾನದ ರಸ್ತೆಯಲ್ಲಿ ಏನೂ ಆಗುವುದಿಲ್ಲವೆಂದಲ್ಲ. ಹಲಸೂರಿನಲ್ಲಿ ನಿಂತಿದ್ದ ಕಾರೊಂದರ ಬಾಗಿಲು ನೋಡದೆ ತೆರೆದುಕೊಂಡಿತು, ನಾನು ಬಿದ್ದೆ. ಮೊಣಕಾಲಿನ ಚರ್ಮ ಹೋಯಿತು. ಕಾರಿನವರು ನನ್ನನ್ನೇ ಗದರಿಸಿದರು. ನಿಲ್ದಾಣಕ್ಕೆ ಬರುವ ಬಸ್ಸು ಎಡಕ್ಕೆ ಒತ್ತುತ್ತದೆ. ತಿರುವಿನಲ್ಲಿ ವಾಹನಗಳು ಮುಂದೆ ಬಂದು ಎಡಕ್ಕೆ ಕತ್ತರಿಸುತ್ತವೆ. ಚರಂಡಿಯ ಜಾಲರಿಯ ಸೀಳುಗಳು ಚಕ್ರ ಹೋಗುವ ದಿಕ್ಕಿಗೇ ಇದ್ದರೆ ಮುಂದಿನ ಗಾಲಿ ಸಿಕ್ಕಿಕೊಳ್ಳುತ್ತದೆ. ಇವೆಲ್ಲ ಬಹುಪಾಲು ಕಲಿತು ತಪ್ಪಿಸಿಕೊಳ್ಳಬಹುದಾದ ಅಪಾಯಗಳು. ನಿಂತ ಕಾರಿನಿಂದ ಒಂದು ಬಾಗಿಲಿನಷ್ಟು ದೂರ, ಲಾರಿಯ ಎಡಮಗ್ಗುಲಿಗೆ ಎಂದಿಗೂ ನುಗ್ಗದಿರುವುದು, ಹೀಗೆ. ಹಿಂದಿನಿಂದ ಬರುವ ವೇಗವನ್ನು ಮಾತ್ರ ಸವಾರನ ಯಾವ ಜಾಣತನವೂ ತಡೆಯಲಾರದು.

ತಲೆಗೆ ಹೆಲ್ಮೆಟ್ ಹಾಕಿದರಾಯಿತು ಎನ್ನುವವರಿಗೆ ಒಂದು ಮಾತು. ಹಾಕಲಿ, ಬಿದ್ದಾಗ ತಲೆ ಉಳಿಯುತ್ತದೆ. ಆದರೆ ಬೋರ್ಡೋ ದ್ರಾವಣವನ್ನು ಎಷ್ಟು ಚೆನ್ನಾಗಿ ಸಿಂಪಡಿಸಿದರೂ ತೋಟದಲ್ಲಿ ನೀರು ನಿಂತಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತು. ಬಸಿಗಾಲುವೆ ತೋಡದೆ ಬರೀ ಸಿಂಪಡಣೆಯನ್ನು ನಂಬುವುದು ನಮ್ಮ ನಗರಗಳ ರೂಢಿಯಾಗಿದೆ.

ಬಸಿಗಾಲುವೆ ತೋಡಿದ ದೇಶವೊಂದಿದೆ. ನೆದರ್ಲೆಂಡ್ಸಿನಲ್ಲಿ 1971ರ ಒಂದೇ ವರ್ಷ ಸುಮಾರು 3,300 ಜನ ರಸ್ತೆಯಲ್ಲಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿತಂದೆಯರು “ಮಕ್ಕಳ ಕೊಲೆ ನಿಲ್ಲಿಸಿ” ಎಂದು ಬೀದಿಗಿಳಿದರು. ಸೈಕಲ್ಲಿನ ಪ್ರತ್ಯೇಕ ಪಥಗಳು ಆಕಾಶದಿಂದ ಇಳಿದು ಬಂದುವಲ್ಲ, ಈ ಚಳವಳಿಯ ಒತ್ತಡ ಅವುಗಳ ಹಿಂದಿತ್ತು. ಅದೇ ದೇಶದ ಸಂಶೋಧಕರು 2010ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಗಿಡ್ಡ ಪ್ರಯಾಣಗಳಿಗೆ ಕಾರು ಬಿಟ್ಟು ಸೈಕಲ್ಲು ಹಿಡಿದವನ ಆಯುಸ್ಸು ವ್ಯಾಯಾಮದಿಂದ 3ರಿಂದ 14 ತಿಂಗಳು ಹೆಚ್ಚುತ್ತದೆ. ಹೊಗೆ ಕುಡಿದದ್ದರಿಂದ ಒಂದು ದಿನಕ್ಕೂ ಕಡಿಮೆಯಿಂದ 40 ದಿನದವರೆಗೆ, ಅಪಘಾತದಿಂದ 5ರಿಂದ 9 ದಿನ ತಗ್ಗುತ್ತದೆ. ನಮ್ಮ ಸೈಕಲ್ ಪ್ರೇಮಿಗಳು ಇದನ್ನು ಬಹಳ ಉತ್ಸಾಹದಿಂದ ಹೇಳುತ್ತಾರೆ. ಆದರೆ ಅದು ಅಲ್ಲಿನ ರಸ್ತೆಯ ಲೆಕ್ಕ. ಅದನ್ನು ಹಾಗೆಯೇ ಕಿತ್ತು ಟಿನ್ ಫ್ಯಾಕ್ಟರಿಗೆ ನೆಡಲು ಬರುವುದಿಲ್ಲ. ಬಯಲುಸೀಮೆಯ ತಳಿಯನ್ನು ಘಟ್ಟದಲ್ಲಿ ನೆಟ್ಟು ಇಳುವರಿ ಕೇಳಿದಂತಾದೀತು.

ಇನ್ನೊಂದು ಅಧ್ಯಯನ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. 2003ರಲ್ಲಿ ಜೇಕಬ್‌ಸೆನ್ ಎಂಬವರು ಹಲವು ನಗರ, ದೇಶಗಳ ಅಂಕಿಗಳನ್ನು ಹೋಲಿಸಿ ತೋರಿಸಿದ್ದು ಇದು: ರಸ್ತೆಯಲ್ಲಿ ನಡೆಯುವವರ, ಸೈಕಲ್ಲು ತುಳಿಯುವವರ ಸಂಖ್ಯೆ ಇಮ್ಮಡಿಯಾದರೆ ಒಬ್ಬೊಬ್ಬನ ಅಪಾಯ ಸುಮಾರು ಮೂರನೆಯ ಒಂದರಷ್ಟು ಇಳಿಯುತ್ತದೆ. ಚಾಲಕರ ಕಣ್ಣು ಸೈಕಲ್ಲನ್ನು ನಿರೀಕ್ಷಿಸಲು ಕಲಿಯುತ್ತದೆ. ತಿರುಗಿಸಿ ಓದಿದರೆ, ಭಯದಿಂದ ಒಬ್ಬ ಸೈಕಲ್ಲು ಬಿಟ್ಟಾಗ ಉಳಿದವನ ಅಪಾಯ ಏರುತ್ತದೆ. ಬೆಂಗಳೂರಿನಲ್ಲಿ ಇಂದು ನೋಂದಾಯಿತ ವಾಹನಗಳು ಒಂದು ಕೋಟಿಯನ್ನು ದಾಟಿವೆ. ಬಿಡುವ ಸಾಮರ್ಥ್ಯವಿದ್ದವರು ಸೈಕಲ್ಲು ಬಿಟ್ಟಾಗಿದೆ. ಉಳಿದಿರುವವರಲ್ಲಿ ಹೆಚ್ಚಿನವರು ಕಾವಲುಗಾರರು, ಹಾಲು-ಪತ್ರಿಕೆ ಹಾಕುವವರು, ಕಟ್ಟಡ ಕೆಲಸದವರು, ಬೆಟ್ಟದ ಊರುಗಳಿಂದ ಹೋದ ನಮ್ಮ ಹುಡುಗರು. ಭಾನುವಾರ ಬಣ್ಣದ ಅಂಗಿ ತೊಟ್ಟು ದುಬಾರಿ ಸೈಕಲ್ಲಿನಲ್ಲಿ ಹೋಗುವವರ ಬಗ್ಗೆ ನನಗೆ ಅಸೂಯೆಯಿಲ್ಲ, ಅವರೂ ಬೇಕು. ಆದರೆ ನಗರ ಯೋಜನೆಯ ಚಿತ್ರಪಟಗಳಲ್ಲಿ ಕಾಣುವವರು ಅವರು ಮಾತ್ರ.

2020ರಲ್ಲಿ ಕೊರೊನಾ ಕಾಲದಲ್ಲಿ ಹೊರವರ್ತುಲ ರಸ್ತೆಯಲ್ಲಿ, ಬಸ್ಸಿಗೆಂದು ಬಿಟ್ಟಿದ್ದ ಪಥದ ಪಕ್ಕದಲ್ಲಿ, ಕಂಬ ನೆಟ್ಟು ಸೈಕಲ್ಲಿಗೂ ಒಂದು ಪಥ ಮಾಡಿದರು. ನನ್ನ ಅಕ್ಕನ ಮಗನಂಥವರಿಗೆ ಬೇಕಾದದ್ದು ಅದೇ. ಕಂಬಗಳು ಮುರಿದವು, ಮೆಟ್ರೊ ಕಾಮಗಾರಿ ಬಂತು, ಪಥ ಉಳಿಯಲಿಲ್ಲ. ಜಯನಗರದಲ್ಲಿ ಅದಕ್ಕೂ ಮೊದಲು ಮಾಡಿದ ಪಥಗಳ ಮೇಲೆ ಕಾರು ನಿಲ್ಲಿಸಿದರು. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲಿನ ಕಥೆ ಇನ್ನೊಂದು ದಿನಕ್ಕಿರಲಿ.

ನಮ್ಮ ಊರಿನ ಮಾತನ್ನೂ ಆಡಬೇಕು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯವರಿಗೆ ಸೈಕಲ್ಲು ಕೊಡತೊಡಗಿದಾಗ, ಈ ಏರಿನಲ್ಲಿ ಅದನ್ನು ನೂಕಿಕೊಂಡೇ ಹೋಗಬೇಕಲ್ಲ ಎಂದು ನಾವು ನಕ್ಕಿದ್ದೆವು. ಈಗ ವಾರಾಂತ್ಯಕ್ಕೆ ಪ್ರವಾಸಿಗರ ಕಾರುಗಳು ಬರುವ ವೇಗವನ್ನು ನೋಡಿದರೆ ಟಿನ್ ಫ್ಯಾಕ್ಟರಿಯೇ ನಮ್ಮ ತಿರುವುಗಳಿಗೆ ಬಂದಂತಿದೆ. ಶಾಲೆಯ ಮುಂದಿನ ಉಬ್ಬಿಗಾಗಿ ಪಂಚಾಯಿತಿಗೆ ಕೊಟ್ಟ ಮನವಿಗೆ ಇಂದು ಸಭೆ ಮುಗಿದ ಮೇಲೆ ಉಳಿದವರೂ ಸಹಿ ಹಾಕಿ ಹೋಗಿ.

ಅಕ್ಕನಿಗೆ ನಾನು ಹೇಳಿದ್ದಿಷ್ಟು. ಸೈಕಲ್ಲು ಬಿಡಿಸಲಾರೆ, ದಾರಿ ಬದಲಿಸಬಲ್ಲೆ. ಎರಡನೆಯ ದಿನ ನಾವಿಬ್ಬರೂ ದೊಡ್ಡ ರಸ್ತೆಯನ್ನು ಸಾಧ್ಯವಾದಷ್ಟು ತಪ್ಪಿಸಿ ಒಳಬೀದಿಗಳಲ್ಲಿ ಹೋದೆವು. ಕಾಲುಗಂಟೆ ಹೆಚ್ಚು ಹಿಡಿಯಿತು, ನಾಯಿಗಳ ಕಾಟ ಬೇರೆ. ರೈಲುಹಳಿ ದಾಟುವ ಒಂದು ತುಂಡು ಮಾತ್ರ ತಪ್ಪಿಸಲಾಗಲಿಲ್ಲ. ಅಲ್ಲಿ ಇಳಿದು ಅಂಚಿನಲ್ಲಿ ನೂಕಿಕೊಂಡು ಹೋಗೆಂದು ಹೇಳಿದೆ. ಶಿವಾಜಿನಗರದಲ್ಲಿ ಹಿಂದಕ್ಕೊಂದು ಮಿನುಗುವ ಕೆಂಪು ದೀಪ, ಮುಂದಕ್ಕೊಂದು ಬಿಳಿ ದೀಪ, ಹೊಳೆಯುವ ಪಟ್ಟಿಯ ಮೇಲಂಗಿ ಕೊಡಿಸಿದೆ. “ಮಾವ, ಇದನ್ನು ಹಾಕಿಕೊಂಡರೆ ರಸ್ತೆ ಗುಡಿಸುವವನಂತೆ ಕಾಣುತ್ತೇನೆ” ಎಂದ. ಕಾಣಬೇಕಾದ್ದೇ ಎಂದೆ.

ಎಲ್ಲವನ್ನೂ ಕೇಳಿಕೊಂಡ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಆ ರೈಲುಹಳಿಯ ತುಂಡು ಎಷ್ಟು ಉದ್ದ ಇದೆ?” ಎಂದು ಕೇಳಿದಳು. ಈಗ ಅವನು ದಿನವೂ ಹೋಟೆಲು ಮುಟ್ಟಿದ ಕೂಡಲೇ ಅವಳಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾನೆ. ನಾಲ್ಕೂವರೆಗೆ ನಮ್ಮ ಊರಿನಲ್ಲಿಯೂ ಒಂದು ದೀಪ ಹೊತ್ತಿರುತ್ತದೆ.