ಅಚ್ಚುಮೊಳೆಯಿಂದ ಅಂಗೈಯ ಪರದೆಗೆ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಡಿಜಿಟಲ್ ತಂತ್ರಜ್ಞಾನ ಮತ್ತು ಮಾಧ್ಯಮ ಎಂಬ ವಿಷಯದ ಮೇಲೆ ಮಾತನಾಡಲು ನನಗೆ ಹೇಳಿದ್ದಾರೆ. ಈ ವಿಷಯ ಎತ್ತಿಕೊಂಡವರು ಸಾಮಾನ್ಯವಾಗಿ ಅಮೆರಿಕದ ಕಂಪನಿಗಳ ಹೆಸರಿನಿಂದ ಮಾತು ಆರಂಭಿಸುತ್ತಾರೆ. ನಾನು ಗದಗಿನಿಂದಲೇ ಆರಂಭಿಸುತ್ತೇನೆ. ಮುದ್ರಣ ಕಾಶಿ ಎಂದು ಹೆಸರು ಪಡೆದ ಊರಿನಲ್ಲಿ ಕುಳಿತು ಈ ವಿಷಯಕ್ಕಾಗಿ ದೂರ ಹೋಗಬೇಕಾದ ಅವಶ್ಯಕತೆ ಇಲ್ಲ.

ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಶಾಲೆಯ ಗೈಡು, ನೋಟ್‌ಬುಕ್ಕು, ಕ್ಯಾಲೆಂಡರು, ನಾಟಕದ ಪುಸ್ತಕ ಬರುತ್ತಿದ್ದುದು ಗದಗಿನ ಪ್ರೆಸ್ಸುಗಳಿಂದ. ವಿಜಯ ಸಂಕೇಶ್ವರರು ಇದೇ ಊರಿನ ಮುದ್ರಣದ ಮನೆತನದಿಂದ ಬಂದವರು. 1976ರಲ್ಲಿ ಒಂದೇ ಲಾರಿಯಿಂದ ಸಾಗಾಣಿಕೆ ವ್ಯವಹಾರ ಆರಂಭಿಸಿ, 1999ರಲ್ಲಿ 'ವಿಜಯ ಕರ್ನಾಟಕ' ಹೊರತಂದು ಕನ್ನಡ ಪತ್ರಿಕೆಯ ವ್ಯಾಪಾರದ ಲೆಕ್ಕವನ್ನೇ ಬದಲಿಸಿದರು. ಅಂದರೆ ಬರಹ ಎಂಬುದು ನಮ್ಮ ಊರಿಗೆ ಬರೀ ವಿದ್ಯೆಯಾಗಿರಲಿಲ್ಲ, ಹೊಟ್ಟೆಪಾಡೂ ಆಗಿತ್ತು.

ಆ ಕಾಲದ ಪ್ರೆಸ್ಸಿನಲ್ಲಿ ಒಂದು ಪುಟ ಸಿದ್ಧವಾಗುವ ಬಗೆಯನ್ನು ವಿದ್ಯಾರ್ಥಿಗಳು ಸ್ವಲ್ಪ ಊಹಿಸಿಕೊಳ್ಳಬೇಕು. ಕಂಪೋಸಿಟರ್ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸಬೇಕು. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರವಾದರೆ ಕನ್ನಡಕ್ಕೆ ಕಾಗುಣಿತವೂ ಬೇಕು, ಒತ್ತಕ್ಷರವೂ ಬೇಕು. ಆದ್ದರಿಂದ ಮೊಳೆಯ ಖಾನೆಗಳು ನೂರಾರು. ಜೋಡಿಸಿದ್ದನ್ನು ಕರಡು ತೆಗೆದು, ಕರಡು ತಿದ್ದುವವರು ಕಣ್ಣಿಗೆ ಕನ್ನಡಕ ಏರಿಸಿ ಓದಿ, ತಪ್ಪಿಗೆ ಗುರುತು ಹಾಕಿ, ಮತ್ತೆ ಜೋಡಿಸಿ, ಆಮೇಲೆ ಟ್ರೆಡಲ್ ಮಷಿನ್ನಿಗೆ ಹೋಗಬೇಕು. ಅಚ್ಚಾದ ಮೇಲೆ ಅಷ್ಟೂ ಮೊಳೆಗಳನ್ನು ತೊಳೆದು ಮತ್ತೆ ಅವುಗಳ ಖಾನೆಗೆ ಹಾಕಬೇಕು. ಇಷ್ಟು ಶ್ರಮ ಬೇಡುವ ಪುಟದಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಯಾರೂ ಅಚ್ಚು ಹಾಕಿಸುತ್ತಿರಲಿಲ್ಲ. ಖರ್ಚೇ ಒಂದು ಸೋಸಣಿಗೆಯಾಗಿತ್ತು. ಬರೆದವನ ಹಾಗೂ ಓದುವವನ ನಡುವೆ ಮೂರು ನಾಲ್ಕು ಜೊತೆ ಕಣ್ಣುಗಳಿದ್ದವು.

ಉರ್ದುವಿನ ಕಥೆ ಇನ್ನೂ ಕಷ್ಟದ್ದು. ನಸ್ತಾಲೀಖ್ ಬರವಣಿಗೆ ಮೇಲಿನಿಂದ ಕೆಳಗೆ ಇಳಿಜಾರಾಗಿ ಹರಿಯುವುದರಿಂದ ಅದನ್ನು ಮೊಳೆಯಲ್ಲಿ ಕೂಡಿಸುವುದು ಸಾಧ್ಯವಾಗಲೇ ಇಲ್ಲವೆನ್ನಬಹುದು. ಕಾತಿಬರು ಕೈಯಿಂದ ಬರೆದದ್ದನ್ನೇ ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. (1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕೂಡ ಕಲ್ಲಚ್ಚಿನದೇ.) 1981ರಲ್ಲಿ ಲಾಹೋರಿನ 'ಜಂಗ್' ಪತ್ರಿಕೆ ನೂರಿ ನಸ್ತಾಲೀಖ್ ಅಕ್ಷರಗಳಿಂದ ಗಣಕದ ಮೇಲೆ ಬಂತು. 1990ರ ದಶಕದಲ್ಲಿ ಇನ್‌ಪೇಜ್ ತಂತ್ರಾಂಶ ಬಂದ ಮೇಲೆ ನಮ್ಮ ದೇಶದ ಉರ್ದು ಪತ್ರಿಕೆಗಳ ಕಚೇರಿಯಿಂದ ಕಾತಿಬರು ಒಬ್ಬೊಬ್ಬರಾಗಿ ಎದ್ದು ಹೋದರು. ಎಷ್ಟೋ ವರ್ಷ ಕಲಿತ ಕೈಬರಹದ ವಿದ್ಯೆ ನಿಕಾಹ್ ಪತ್ರಿಕೆಗೂ ಬೇಡವಾಯಿತು. ತಂತ್ರಜ್ಞಾನ ಬಂದಾಗ ಅನುಕೂಲದ ಜೊತೆ ಇದೂ ಬರುತ್ತದೆ ಎಂಬುದನ್ನು ಲೆಕ್ಕದಲ್ಲಿ ಹಿಡಿಯಬೇಕು.

ಕನ್ನಡವನ್ನು ಗಣಕಕ್ಕೆ ತಂದ ಕೀರ್ತಿ ಹಲವರಿಗೆ ಸಲ್ಲುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಇವುಗಳಿಂದ ಗದಗಿನ ಗಲ್ಲಿಗಳಲ್ಲಿಯೂ ಡಿಟಿಪಿ ಅಂಗಡಿಗಳು ಎದ್ದವು. ಇಲ್ಲಿ ಒಂದು ತೊಡಕಿನ ಮಾತನ್ನು ಹೇಳಲೇಬೇಕು. ಯುನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆ ಬಳಕೆಗೆ ಬರುವ ಮೊದಲು ಪ್ರತಿಯೊಂದು ತಂತ್ರಾಂಶಕ್ಕೂ ಅದರದೇ ಅಕ್ಷರ, ಅದರದೇ ಸಂಕೇತ. ಆ ಕಾಲದಲ್ಲಿ ಟೈಪ್ ಮಾಡಿಸಿದ ಸ್ಮರಣ ಸಂಚಿಕೆಯ ಕಡತವನ್ನು ಇಂದು ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಕಾಗದದ ಪ್ರತಿ ಹುಳ ಹಿಡಿದಿರುತ್ತದೆ, ಗಣಕದ ಪ್ರತಿ ಓದಲು ಬರುವುದಿಲ್ಲ. ಅದನ್ನು ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ನಮ್ಮ ಸಂಸ್ಥೆಯ ಹಳೆಯ ಸಂಚಿಕೆಗಳಿಗೆ ಈ ಕೆಲಸ ಮಾಡಲು ಇಬ್ಬರು ಮೂವರು ಡಿಗ್ರಿ ವಿದ್ಯಾರ್ಥಿಗಳಿಗೆ ಒಂದು ಬೇಸಿಗೆ ರಜೆ ಸಾಕು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದದ್ದು ನಿಮಗೆಲ್ಲ ನೆನಪಿದೆ. ಅಲ್ಲಿಯವರೆಗೆ ಇಂಟರ್‌ನೆಟ್ ಎಂದರೆ ಗಂಟೆಗಿಷ್ಟು ಎಂದು ಕೊಟ್ಟು ಕೂರುವ ಸೈಬರ್ ಕೆಫೆ. ಆಮೇಲೆ ಹೊಲದಲ್ಲಿ ಶೇಂಗಾ ಕೀಳುವವನ ಅಂಗಿಯ ಕಿಸೆಗೂ ಅದು ಬಂತು. ಟಿವಿಯನ್ನಾದರೂ ಮನೆಮಂದಿ ಕೂಡಿ ನೋಡುತ್ತಿದ್ದರು, ಪತ್ರಿಕೆಯನ್ನು ಚಹಾದಂಗಡಿಯಲ್ಲಿ ಒಬ್ಬ ಓದಿದರೆ ನಾಲ್ವರು ಕೇಳುತ್ತಿದ್ದರು. ಈಗ ಒಂದೇ ಮನೆಯಲ್ಲಿ ಐದು ಜನ ಐದು ಲೋಕದಲ್ಲಿರುತ್ತಾರೆ. ಏನು ನೋಡಬೇಕೆಂದು ನಾವು ಆರಿಸುತ್ತೇವೆ ಎಂದುಕೊಂಡಿದ್ದೇವೆ. ವಾಸ್ತವದಲ್ಲಿ ಹಿಂದೆ ನಾವು ಯಾವುದರ ಮೇಲೆ ಎಷ್ಟು ಹೊತ್ತು ನಿಂತೆವೋ ಅದನ್ನು ಲೆಕ್ಕ ಹಾಕಿ ಮುಂದಿನದನ್ನು ಯಂತ್ರ ನಮ್ಮ ಮುಂದಿಡುತ್ತದೆ. ಸಿಟ್ಟು ತರಿಸುವುದರ ಮೇಲೆ ಮನುಷ್ಯ ಹೆಚ್ಚು ಹೊತ್ತು ನಿಲ್ಲುತ್ತಾನೆ. ಹೀಗಾಗಿ ಸಿಟ್ಟು ತರಿಸುವುದೇ ಹೆಚ್ಚು ಬರುತ್ತದೆ.

ಇದರಿಂದ ಕೆಟ್ಟದ್ದೇ ಆಯಿತು ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಲಕ್ಷ್ಮೇಶ್ವರದಿಂದ ದೂರವಲ್ಲದ ಶಿಶುನಾಳದ ಶರೀಫ ಸಾಹೇಬರನ್ನೇ ನೋಡಿರಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ತತ್ವಪದಗಳು ಬಹುಕಾಲ ಬದುಕಿದ್ದು ಭಜನೆಯವರ ಬಾಯಲ್ಲಿ. ನಂತರ ಪುಸ್ತಕವಾದವು. ಅವುಗಳನ್ನು ನಾಡಿನ ಮೂಲೆ ಮೂಲೆಗೆ ಮುಟ್ಟಿಸಿದ್ದು ಸಿ. ಅಶ್ವತ್ಥರ ಕಂಠದ ಕ್ಯಾಸೆಟ್ಟುಗಳು, ಹಾಗೂ 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಲನಚಿತ್ರ. ಈಗ ಊರಿನ ಭಜನಾ ಮೇಳದವರು ತಮ್ಮ ದಾಟಿಯಲ್ಲಿ ಹಾಡಿದ್ದನ್ನು ತಾವೇ ಯೂಟ್ಯೂಬಿಗೆ ಹಾಕುತ್ತಾರೆ. ಕ್ಯಾಸೆಟ್ಟಿನ ಕಾಲದಲ್ಲಿ ಒಂದು ದಾಟಿ ಪ್ರಸಿದ್ಧವಾಗಿ ಉಳಿದವು ಮಂಕಾದವು. ಈಗ ಹತ್ತು ದಾಟಿಗಳಿಗೂ ಜಾಗವಿದೆ. ನಮ್ಮ ಕಡೆಯ ಮಾತಿನ ವಿಷಯವೂ ಹಾಗೆಯೇ. ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತು ನಗಿಸಲಿಕ್ಕೆ ಮಾತ್ರ ಬರುತ್ತಿತ್ತು. ಇಂದು ಬಾಗಲಕೋಟೆ, ವಿಜಯಪುರ, ಗದಗ ಕಡೆಯ ಹುಡುಗರು ಬೆಂಗಳೂರಿನ ಯಾವ ಸ್ಟುಡಿಯೋದ ಅಪ್ಪಣೆಯೂ ಇಲ್ಲದೆ ನಮ್ಮ ಮಾತಿನಲ್ಲೇ ಕಿರುಚಿತ್ರ ಮಾಡುತ್ತಾರೆ. ಅವುಗಳಲ್ಲಿ ಅನೇಕವು ಒರಟಾಗಿವೆ. ಆದರೂ ಬಾಗಿಲು ತೆರೆದಿದೆ.

ಬಾಗಿಲು ತೆರೆದಾಗ ಕಾವಲುಗಾರನೂ ಹೋದ. ಪ್ರೆಸ್ಸಿನಲ್ಲಿ ಕರಡು ತಿದ್ದುವವರಿಗಿದ್ದ ಕೆಲಸ ಈಗ ಯಾರದು? ಇಂದು ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಆ ಕೆಲಸ ಮಾಯವಾಗಿಲ್ಲ, ಅದು ನಿಮ್ಮ ಹೆಬ್ಬೆರಳಿಗೆ ವರ್ಗವಾಗಿದೆ.

2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆದದ್ದನ್ನು ಮರೆಯಬಾರದು. ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಒಬ್ಬ ತರುಣ ಇಂಜಿನಿಯರ್. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಗುಮಾನಿ ಎದ್ದು, ವಾಟ್ಸಪ್ಪಿನಲ್ಲಿ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿತು. ಮುಂದಿನ ಊರಿನ ಜನ ರಸ್ತೆಗೆ ಅಡ್ಡ ಹಾಕಿ ನಿಂತಿದ್ದರು. ಆ ತರುಣ ಅಲ್ಲಿಯೇ ಪ್ರಾಣ ಬಿಟ್ಟ, ಜೊತೆಗಿದ್ದವರು ಗಾಯಗೊಂಡರು. ಬಂಧಿತರಾದವರಲ್ಲಿ ವಾಟ್ಸಪ್ ಗುಂಪಿನ ಅಡ್ಮಿನ್ ಕೂಡ ಇದ್ದನೆಂದು ಪತ್ರಿಕೆಗಳು ವರದಿ ಮಾಡಿದವು. ಅದೇ ತಿಂಗಳು ವಾಟ್ಸಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂದು ಮಿತಿ ಹಾಕಿತು. 2020ರ ಏಪ್ರಿಲಿನಲ್ಲಿ, ಮೇಲಿಂದ ಮೇಲೆ ಕೈ ಬದಲಿಸಿದ ಸಂದೇಶಕ್ಕೆ ಒಂದೇ ಕಡೆ ಎಂದಾಯಿತು. ಅಂದು ಸುದ್ದಿ ಮುಂದೆ ತಳ್ಳಿದವರೆಲ್ಲ ದುಷ್ಟರೇ ಎಂದು ನನಗೆ ಅನ್ನಿಸುವುದಿಲ್ಲ. ಮಕ್ಕಳನ್ನು ಉಳಿಸುತ್ತಿದ್ದೇವೆ ಎಂದು ನಂಬಿದವರೂ ಅವರಲ್ಲಿ ಇದ್ದಿರಬೇಕು.

ನಮಗೆ ಇದು ಹೊಸ ಪಾಠವಲ್ಲ. ಹದೀಸ್ ಸಂಗ್ರಹಿಸಿದ ವಿದ್ವಾಂಸರು ಮಾತು ಎಷ್ಟು ಚೆಂದವಿದೆ ಎಂದು ಕೇಳಿ ಬಿಡಲಿಲ್ಲ. ಯಾರು ಯಾರಿಂದ ಕೇಳಿದರು, ಅವರಿಬ್ಬರೂ ಭೇಟಿಯಾದದ್ದು ನಿಜವೇ, ಹೇಳಿದವರ ನೆನಪು ಎಂಥದು ಎಂದು ಕೊಂಡಿ ಕೊಂಡಿಯಾಗಿ ಪರೀಕ್ಷಿಸಿದರು. ಅದಕ್ಕೆ ಇಸ್ನಾದ್ ಎಂದು ಹೆಸರು. ನಮ್ಮ ಮೊಬೈಲಿಗೆ ಬೆಳಗಾದರೆ ಬರುವ ಸಂದೇಶಕ್ಕೆ ಇಂಥ ಒಂದು ಕೊಂಡಿಯಾದರೂ ಇರುತ್ತದೆಯೇ? ಧರ್ಮದ ಹೆಸರಿನಲ್ಲಿ ಬರುವ ಸಂದೇಶಕ್ಕೂ ಇದೇ ಪ್ರಶ್ನೆ ಕೇಳಬೇಕು, ಅದಕ್ಕೆ ರಿಯಾಯಿತಿ ಇಲ್ಲ. ಫೋಟೋ ಬಂದರೆ ಅದೇ ಫೋಟೋವನ್ನು ಗೂಗಲ್ಲಿನಲ್ಲಿ ಹಾಕಿ ಹುಡುಕಿರಿ. ಎಷ್ಟೋ ಸಲ ಅದು ಬೇರೆ ದೇಶದ, ಬೇರೆ ವರ್ಷದ ಚಿತ್ರವಾಗಿರುತ್ತದೆ. ದಿನಾಂಕವಿಲ್ಲದ ಸುದ್ದಿಯನ್ನು ಅಲ್ಲಿಗೇ ಬಿಡಿರಿ.

ಈಗ ಇನ್ನೊಂದು ಮೆಟ್ಟಿಲು ಏರಿದ್ದೇವೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರಬಂಧವನ್ನೂ ಯಂತ್ರವೇ ಬರೆದು ಕೊಡುತ್ತದೆ; ಬದುಕಿರುವವರ ದನಿ, ಮುಖಗಳನ್ನೂ ನಕಲು ಮಾಡುತ್ತದೆ. ವಿದ್ಯಾರ್ಥಿಗಳಿಗೆ ಒಂದು ಮಾತು. ಅರ್ಥವಾಗದ ಪಾಠವನ್ನು ಅದರಿಂದ ಬಿಡಿಸಿ ಕೇಳಿರಿ, ತಪ್ಪಿಲ್ಲ. ಇಲ್ಲದ ಪುಸ್ತಕವನ್ನು, ಇಲ್ಲದ ಇಸವಿಯನ್ನು ಕೂಡ ಅದು ಧೈರ್ಯವಾಗಿ ಹೇಳುತ್ತದೆಂಬುದನ್ನು ಮಾತ್ರ ಮರೆಯಬೇಡಿರಿ. ಪ್ರಬಂಧ ಬರೆಯಿಸುವುದು ನಿಮ್ಮ ಕೈ ಪಳಗಲೆಂದು. ಗುರುಗಳಿಗೆ ಓದಲು ಕಾಗದದ ಕೊರತೆ ಇದೆಯೆಂದಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದವು. ಆ ಪುಸ್ತಕದ ಹನ್ನೆರಡು ಕಥೆಗಳು ಬರೆದದ್ದು 1990ರಿಂದ 2023ರವರೆಗೆ, ಮೂವತ್ತು ವರ್ಷಕ್ಕೂ ಮೇಲೆ. ನಮ್ಮ ಮನೆಗಳ ಒಳಗಿನ ಹೆಣ್ಣುಮಕ್ಕಳ ಬದುಕನ್ನು ಕಂಡು ಬರೆದ ಕಥೆಗಳವು.

ಹೆಣ್ಣುಮಕ್ಕಳ ಮಾತು ಬಂತಾದ್ದರಿಂದ ಹೇಳುತ್ತೇನೆ, ಹಿರಿಯರು ಬೇಸರ ಮಾಡಿಕೊಳ್ಳಬಾರದು. 2020-21ರಲ್ಲಿ ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ಮನೆಯ ಒಂದೇ ಫೋನು ಯಾರ ಕೈಯಲ್ಲಿತ್ತು? ನಾನು ಕಂಡ ಅನೇಕ ಮನೆಗಳಲ್ಲಿ ಮಗನ ಕೈಯಲ್ಲಿತ್ತು. ಅವನು ಆಟ ಆಡುತ್ತಿದ್ದ, ಎಸ್ಸೆಸ್ಸೆಲ್ಸಿಯ ತಂಗಿ ಅವನ ಆಟ ಮುಗಿಯಲೆಂದು ಕಾಯುತ್ತಿದ್ದಳು. ಹುಡುಗಿಗೆ ಫೋನು ಕೊಟ್ಟರೆ ಕೆಡುತ್ತಾಳೆ ಎನ್ನುವ ತಂದೆ ಮಗನ ಫೋನಿನಲ್ಲಿ ಏನಿದೆ ಎಂದು ಒಮ್ಮೆಯೂ ನೋಡಿರುವುದಿಲ್ಲ. ಕಲಿಕೆ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಪರದೆಯ ಮೇಲೆ ಬಂದಿರುವಾಗ ಆ ಬಾಗಿಲು ಅವಳಿಗೆ ಮುಚ್ಚಬಾರದು. ಅಪಾಯವಿದೆ, ನಿಜ. ಫೋಟೋ ತಿರುಚಿ ಹೆದರಿಸುವವರಿದ್ದಾರೆ. ಹಾಗಾದರೆ ಮಗಳು ಮೊದಲು ಮನೆಯಲ್ಲಿ ಬಂದು ಹೇಳುವಂಥ ಧೈರ್ಯ ಅವಳಿಗಿರಬೇಕು. ಪೊಲೀಸರ ಸೈಬರ್ ಠಾಣೆ ಇದೆ, ಹಣದ ಮೋಸವಾದರೆ 1930 ಸಂಖ್ಯೆಗೆ ಕೂಡಲೇ ಕರೆ ಮಾಡಬಹುದು.

ಇನ್ನು ನಾವು ಏನು ತಯಾರಿಸಬೇಕು ಎಂಬ ಪ್ರಶ್ನೆ. ಕುಣಿತದ ರೀಲ್ಸ್ ಮಾಡುವವರಿಗೆ ನಾನು ಬೇಡವೆಂದರೆ ಕೇಳುವುದಿಲ್ಲ. ಆದರೆ ಒಂದು ಲೆಕ್ಕ ತಿಳಿದಿರಲಿ: 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅದರಲ್ಲಿ ಹೆಸರು ಮಾಡಿದ್ದ ಹಳ್ಳಿಯ ಹುಡುಗರ ಶ್ರಮ ಒಂದೇ ರಾತ್ರಿಯಲ್ಲಿ ಹೋಯಿತು. ಅದು ಬಾಡಿಗೆಯ ಅಂಗಡಿ. ಮಾಲಿನ ಮೂಲ ಪ್ರತಿ ನಿಮ್ಮ ಹತ್ತಿರವೇ ಇರಬೇಕು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಪುಲಿಗೆರೆ ಎಂದರೆ ನಮ್ಮ ಲಕ್ಷ್ಮೇಶ್ವರ. ಪಂಪನು ತನ್ನ ಕಾವ್ಯವನ್ನು ಪುಲಿಗೆರೆಯ ತಿರುಳುಗನ್ನಡದಲ್ಲಿ ಬರೆದೆನೆಂದು ಹೇಳಿಕೊಂಡಿದ್ದಾನೆ. ಆ ಊರಿನ ಮಕ್ಕಳು ಇಂದು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಇದೆ, ಮಾತನಾಡಿದರೆ ತಾನೇ ಬರೆದುಕೊಳ್ಳುವ ಸೌಲಭ್ಯವೂ ಇದೆ. ನಮ್ಮ ಮನೆಗಳ ದಖನಿಯ ಸ್ಥಿತಿ ಇನ್ನೂ ಕಷ್ಟ. ಅದನ್ನು ಬರೆದಿಟ್ಟವರು ಬಹಳ ಕಡಿಮೆ. ಯಂತ್ರಗಳು ತಮಗೆ ಸಿಕ್ಕ ಬರಹದಿಂದಲೇ ಕಲಿಯುತ್ತವೆ. ಬರಹವಿಲ್ಲದ ಮಾತು ಅವುಗಳ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ಈ ವರ್ಷ ನಾಲ್ಕೂ ಊರಿನ ವಿದ್ಯಾರ್ಥಿಗಳು ಒಂದೊಂದು ಕೆಲಸ ಹಿಡಿಯಿರಿ. ಲಕ್ಷ್ಮೇಶ್ವರದವರು ದೂದ್‌ಪೀರ್ ದರ್ಗಾದ ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಲಿ. ಶಿರಹಟ್ಟಿಯವರು ಎರಡೂ ಸಮಾಜದವರು ನಡೆದುಕೊಳ್ಳುವ ಫಕೀರೇಶ್ವರ ಮಠದ ಬಗ್ಗೆ ಮನೆಮನೆಯಲ್ಲಿ ಹೇಳುವ ಕಥೆಗಳನ್ನು ಕೂಡಿಸಲಿ. ಮುಂಡರಗಿಯವರಿಗೆ 1858ರ ಬಂಡಾಯದ ಭೀಮರಾಯನಿದ್ದಾನೆ. ಗದಗ-ಬೆಟಗೇರಿಯವರು ಹಳೆಯ ಕಂಪೋಸಿಟರುಗಳನ್ನು ಹುಡುಕಿರಿ. ಮೊಳೆ ಜೋಡಿಸಿದ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. 1905ರಲ್ಲಿಯೇ ಸಹಕಾರಿ ಸಂಘ ಕಟ್ಟಿದ ಕಣಗಿನಹಾಳ ನಮ್ಮ ಪಕ್ಕದ್ದೇ ಊರು. ಹಾಗೆಯೇ ಕೂಡಿ ಒಂದು ಮೈಕು ಕೊಂಡರೆ ನಾಲ್ಕು ಊರಿಗೂ ಆಗುತ್ತದೆ. ಮಾತು ಆರಂಭಿಸುವ ಮೊದಲು ಅವರ ಒಪ್ಪಿಗೆ ಕೇಳಿರಿ. ಮುದ್ರಣದ ಮೊದಲಿಗೇ ದಿನಾಂಕ, ಊರು, ಹೇಳುವವರ ಹೆಸರು, ವಯಸ್ಸು ಹೇಳಿಸಿರಿ. ಮನೆಗೆ ಬಂದ ದಿನವೇ ಕನ್ನಡದಲ್ಲಿ ಬರೆದು, ಇನ್ನೊಬ್ಬರಿಂದ ಕರಡು ತಿದ್ದಿಸಿ, ಒಂದು ಪ್ರತಿಯನ್ನು ಸಂಸ್ಥೆಯ ಗಣಕದಲ್ಲಿ, ಇನ್ನೊಂದನ್ನು ಪೆನ್‌ಡ್ರೈವಿನಲ್ಲಿ ಬೇರೆ ಮನೆಯಲ್ಲಿ ಇಡಿರಿ. ಮುಂದಿನ ಸಂಚಿಕೆಯ ಸಂಪಾದಕರಿಗೆ ರಂಜಾನ್ ರಜೆಗೆ ಮೊದಲು ತಲುಪಿದರೆ ಓದಿ ತಿದ್ದಲು ಅವರಿಗೂ ಸಮಯ ಸಿಗುತ್ತದೆ.