ಕೋಗಿಲೆ ಜೇನುಹುಳದ ಕಳ್ಳ ತತ್ತಿ

ಮಕ್ಕಳೇ, ನಾರಾಯಣಪುರದ ಸುತ್ತ ಬಸವಸಾಗರದ ಕಾಲುವೆ ನೀರು ಹರಿದಲ್ಲಿ ಭತ್ತ, ಮಳೆಯನ್ನೇ ನಂಬಿದ ಎರೆ ಹೊಲದಲ್ಲಿ ತೊಗರಿ. ತೊಗರಿ ಹೂಬಿಟ್ಟಾಗ ದೊಡ್ಡವರ ಜೊತೆ ಹೊಲಕ್ಕೆ ಹೋಗಿ, ಬದುವಿನ ಮೇಲೆ ಸುಮ್ಮನೆ ಕೂತು ನೋಡಿ. ಹಳದಿ ಹೂವಿಗೆ ಬರುವ ಜೇನುಹುಳಗಳೆಲ್ಲ ಗಿಡಕ್ಕೆ ಹುಟ್ಟು ಕಟ್ಟಿ ಗುಂಪಾಗಿ ಬಾಳುವವಲ್ಲ. ರಾಣಿ, ಕೆಲಸಗಾರರು ಯಾರೂ ಇಲ್ಲದೆ ಒಂಟಿಯಾಗಿ ಬಾಳುವ ಜೇನುಹುಳಗಳೂ ಬಹಳ ಇವೆ.

ಹೊಟ್ಟೆಯ ಮೇಲೆ ನೀಲಿ ಪಟ್ಟಿಗಳಿರುವ ಜೇನುಹುಳ ಅಂಥದ್ದೊಂದು. ತಾಯಿಹುಳ ಮಣ್ಣಿನ ದಿಬ್ಬದಲ್ಲೋ ಹಳೆಯ ಮಣ್ಣಿನ ಗೋಡೆಯಲ್ಲೋ ಬಿಲ ಕೊರೆಯುತ್ತದೆ. ಒಳಗೆ ಪುಟ್ಟ ಕೋಣೆ ಮಾಡಿ, ಪರಾಗವನ್ನೂ ಮಕರಂದವನ್ನೂ ಕಲಸಿಟ್ಟು, ಅದರ ಮೇಲೊಂದು ತತ್ತಿ ಇಟ್ಟು, ಬಾಗಿಲಿಗೆ ಮಣ್ಣು ಮೆತ್ತುತ್ತದೆ. ಕೋಣೆಗೆ ಒಂದೇ ತತ್ತಿ, ಒಂದೇ ಮರಿಯ ಊಟ.

ಈ ತತ್ತಿ ಬೆಳ್ಳಗೆ, ಉದ್ದಕ್ಕೆ, ಸ್ವಲ್ಪ ಬಾಗಿದಂತಿರುತ್ತದೆ. ಗಟ್ಟಿ ಚಿಪ್ಪಿಲ್ಲ, ಬೆಳಕು ಹಾಯುವಷ್ಟು ತೆಳುವಾದ ಪೊರೆ ಅಷ್ಟೆ. ಒಂದು ತುದಿಯಲ್ಲಿ ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ರಂಧ್ರವಿರುತ್ತದೆ. ಅದರ ಮೂಲಕ ಗಂಡಿನ ವೀರ್ಯಾಣು ಒಳಹೊಕ್ಕರೆ ಹೆಣ್ಣುಮರಿ, ಇಲ್ಲದಿದ್ದರೆ ಗಂಡುಮರಿ! ಮುಚ್ಚಿದ ಕೋಣೆಯಲ್ಲಿ ಯಾರ ಕಾಟವೂ ಇಲ್ಲವೆಂದು ತತ್ತಿಗೆ ತೆಳು ಪೊರೆಯೇ ಸಾಕು.

ಆದರೆ ಕಾಟ ಕೊಡುವವರು ಇದ್ದಾರೆ. ಕಾಗೆಯ ಗೂಡಿನಲ್ಲಿ ತತ್ತಿಯಿಡುವ ಕೋಗಿಲೆಯಂತೆ, ಬೇರೆಯವರ ಬಿಲದಲ್ಲಿ ತತ್ತಿಯಿಡುವ ಜೇನುಹುಳಗಳಿವೆ. ನಮ್ಮ ನಾಡಿನ ಥೈರಿಯಸ್ ಅವುಗಳಲ್ಲೊಂದು. ಕಪ್ಪು ಮೈ ಮೇಲೆ ನೀಲಿ ಚುಕ್ಕೆ, ನೋಡಲು ಬಲು ಚೆಂದ. ಕಾಲಲ್ಲಿ ಪರಾಗ ಹೊರುವ ದಟ್ಟ ಕೂದಲೇ ಇಲ್ಲ. ಮರಿಗಾಗಿ ದುಡಿಯುವುದಿಲ್ಲವಲ್ಲ, ಬೇಕೇಕೆ? ನೀಲಿಪಟ್ಟಿಯ ಹುಳ ಬಾಗಿಲು ಮುಚ್ಚಿ ಹೋದ ಮೇಲೆ ಥೈರಿಯಸ್ ಬಂದು ಅದಕ್ಕೆ ತೂತು ಕೊರೆದು, ತನ್ನ ತತ್ತಿ ಒಳಗಿಟ್ಟು, ಮತ್ತೆ ಮೊದಲಿನಂತೆ ಮೆತ್ತುತ್ತದೆ.

ಇನ್ನು ಕೆಲವು ಜಾತಿಗಳಿಗೆ ಅಷ್ಟು ತಾಳ್ಮೆಯಿಲ್ಲ. ಯಜಮಾನಿ ಇನ್ನೂ ಊಟ ತರುತ್ತಿರುವಾಗಲೇ, ಆಕೆ ಹೊರಗೆ ಹೋದ ಸಮಯ ನೋಡಿ ಒಳಗೆ ನುಗ್ಗುತ್ತವೆ. ಆಕೆ ತಿರುಗಿ ಬಂದಾಗ ಕಳ್ಳ ತತ್ತಿ ಕಣ್ಣಿಗೆ ಬಿದ್ದರೆ ಕಥೆ ಮುಗಿಯಿತು. ಅದಕ್ಕೇ ಅದನ್ನು ಬಚ್ಚಿಡಬೇಕು. ಬಚ್ಚಿಡಬೇಕಾದರೆ ತತ್ತಿ ಚಿಕ್ಕದಿರಬೇಕು. ಜಪಾನಿನ ಇವಾಟಾ ಮತ್ತು ಸಕಾಗಾಮಿ ಎಂಬ ವಿಜ್ಞಾನಿಗಳು ತಾಯಿಯ ಮೈಯಳತೆಯ ಪಕ್ಕದಲ್ಲಿ ತತ್ತಿಯ ಅಳತೆಯಿಟ್ಟು ನೋಡಿ, 1966ರಲ್ಲಿ ಬರೆದರು: ಒಂಟಿ ಜೇನುಹುಳದ ತತ್ತಿ ಬಲು ದೊಡ್ಡದು, ಕೋಗಿಲೆ ಜೇನುಹುಳದ್ದು ಚಿಕ್ಕದು. ತತ್ತಿ ಚಿಕ್ಕದಾದರೆ ಇನ್ನೊಂದು ಲಾಭವೂ ಇದೆ. ಹೊಟ್ಟೆಯಲ್ಲಿ ಏಕಕಾಲಕ್ಕೆ ಹಲವನ್ನು ಸಿದ್ಧವಾಗಿಟ್ಟುಕೊಳ್ಳಬಹುದು. ತೆರೆದ ಬಿಲ ಸಿಕ್ಕ ಕೂಡಲೇ ಇಡಬಹುದು.

ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಜೆರೋಮ್ ರೋಜನ್ ಇಂಥ ತತ್ತಿಗಳನ್ನು ದಶಕಗಳ ಕಾಲ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಕೆಲವು ಜಾತಿಗಳು ತತ್ತಿಯನ್ನು ಕೋಣೆಯ ಗೋಡೆಯೊಳಗೆ ಹುದುಗಿಸುತ್ತವೆ. ಗೋಡೆಯಲ್ಲಿ ಮರೆಯಾದ ಭಾಗದ ಪೊರೆ ತೆಳು. ಕೋಣೆಯತ್ತ ಮುಖ ಮಾಡಿದ ತುದಿಯ ಪೊರೆ ದಪ್ಪ. ಕೆಲವಕ್ಕೆ ಆ ತುದಿಯಲ್ಲಿ ಮುಚ್ಚಳವೂ ಉಂಟು. ಮರಿ ಆ ಮುಚ್ಚಳ ತಳ್ಳಿಕೊಂಡು ಹೊರಬರುತ್ತದೆ.

ಹೊರಬಂದ ಮರಿಗೆ ಕುಡುಗೋಲಿನ ಆಕಾರದ ದವಡೆ. ಅದರಿಂದ ಯಜಮಾನಿಯ ತತ್ತಿಯನ್ನೋ ಮರಿಯನ್ನೋ ಕೊಂದು, ಊಟವನ್ನೆಲ್ಲ ತಾನೇ ತಿಂದು ಬೆಳೆಯುತ್ತದೆ.

ಪಾಪ ಅನ್ನಿಸಿತೇ? ಹಾಗೆಂದು ಥೈರಿಯಸ್ ಕಂಡರೆ ಹೊಡೆಯಬೇಡಿ. ದುಡಿಯುವ ಹುಳಗಳು ಸಾಕಷ್ಟಿದ್ದರೆ ಮಾತ್ರ ಕದಿಯುವ ಹುಳ ಬದುಕೀತು. ಬದುವಿನಲ್ಲಿ ಆ ನೀಲಿ ಚುಕ್ಕೆ ಕಂಡಿತೆಂದರೆ, ಹತ್ತಿರದಲ್ಲೇ ನೀಲಿಪಟ್ಟಿಯ ಹುಳಗಳ ಬಿಲಗಳಿವೆ, ಹೂಗಳಿಗೆ ಪರಾಗ ಮುಟ್ಟಿಸುವವರು ಇದ್ದಾರೆ ಎಂದೇ ತಿಳಿಯಿರಿ.