ನ್ಯಾಯವಾದಿಯ ನಾಲಗೆ
(ಮರವಂತೆಯ ಸಭೆಯಲ್ಲಿ ಮಾಡಿದ ಭಾಷಣ)



ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕೆ, ನಡುವೆ ನಿಮ್ಮೂರಿನ ದಾರಿ. ನ್ಯಾಯವಾದಿಯೂ ಇಂತಹ ದಾರಿಯಲ್ಲಿಯೇ ನಡೆಯತಕ್ಕವನು. ಒಂದು ಕಡೆಗೆ ಹೇಡಿತನ, ಇನ್ನೊಂದು ಕಡೆಗೆ ಉದ್ಧಟತನ. ಕಕ್ಷಿದಾರನ ಪರವಾಗಿ ಅಂಜದೆ ವಾದಿಸುವುದು ಅವನ ಧರ್ಮ. ಅದೇ ನಾಲಗೆಯಿಂದ ನ್ಯಾಯಾಧೀಶರನ್ನು ಬೆದರಿಸುವುದು ವೃತ್ತಿದ್ರೋಹ.

ಈ ಭೇದವನ್ನು ನಡೆದು ತೋರಿಸಿದವರು ಗಾಂಧೀಜಿ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಅವರು ರಾಜದ್ರೋಹದ ಆರೋಪವನ್ನು ಒಪ್ಪಿಕೊಂಡು, ಅತ್ಯಂತ ಕಠಿನವಾದ ಶಿಕ್ಷೆಯನ್ನೇ ಬೇಡಿದರು. ಸರಕಾರವನ್ನು ನಿಷ್ಠುರವಾಗಿ ಖಂಡಿಸಿದರು; ನ್ಯಾಯಾಧೀಶ ಬ್ರೂಮ್‌ಫೀಲ್ಡರನ್ನು ಅವಮಾನಿಸಲಿಲ್ಲ. ಆದರೂ ಲಂಡನ್ನಿನ ಇನ್ನರ್ ಟೆಂಪಲ್ ಸಂಸ್ಥೆಯು ಅದೇ ವರ್ಷ ಅವರ ಹೆಸರನ್ನು ಬ್ಯಾರಿಸ್ಟರರ ಪಟ್ಟಿಯಿಂದ ತೆಗೆದುಹಾಕಿತು. ಮರಳಿ ಸೇರಿಸಿದ್ದು 1988ರಲ್ಲಿ! ಶಿಸ್ತಿನ ದಂಡವು ನಡತೆಯನ್ನು ಬಿಟ್ಟು ಅಭಿಪ್ರಾಯದ ಮೇಲೆ ಬಿದ್ದರೆ ಹೀಗಾಗುತ್ತದೆ.

ದಂಡವೇ ಬೇಡವೆನ್ನೋಣವೇ? 1994ರಲ್ಲಿ ಅಲಹಾಬಾದಿನ ಹೈಕೋರ್ಟಿನಲ್ಲಿ ನ್ಯಾಯಾಧೀಶರೊಬ್ಬರನ್ನು ಪೀಠದಲ್ಲಿಯೇ ಗದರಿಸಿದವರು ವಿನಯಚಂದ್ರ ಮಿಶ್ರರು. ಆಗ ಅವರೇ ಭಾರತೀಯ ವಕೀಲರ ಪರಿಷತ್ತಿನ ಅಧ್ಯಕ್ಷರು! ಬೇಲಿಯೇ ಹೊಲ ಮೇಯ್ದಂತಾಯಿತು. 1995ರಲ್ಲಿ ಸುಪ್ರೀಂ ಕೋರ್ಟು ಅವರನ್ನು ನ್ಯಾಯಾಂಗನಿಂದೆಯ ಅಪರಾಧಿಯೆಂದು ತೀರ್ಮಾನಿಸಿ, ಮೂರು ವರ್ಷ ಅವರ ಸನ್ನದನ್ನು ತಡೆಹಿಡಿಯಿತು. ಆದರೆ 1998ರಲ್ಲಿ ಅದೇ ನ್ಯಾಯಾಲಯದ ಐವರ ಪೀಠವು, ನಿಂದೆಯ ವಿಚಾರಣೆಯಲ್ಲಿ ಸನ್ನದಿಗೆ ಕೈಹಾಕುವ ಅಧಿಕಾರ ನ್ಯಾಯಾಲಯಕ್ಕಿಲ್ಲ, ಅದು ವಕೀಲರ ಪರಿಷತ್ತಿನದು ಎಂದು ಸಾರಿತು.

ಅಧಿಕಾರವು ನಮ್ಮ ಕೈಗೇ ಬಂದಿತು, ಹೊಣೆಯೂ ನಮ್ಮದಾಯಿತು. 1961ರ ವಕೀಲರ ಕಾಯಿದೆಯ 35ನೆಯ ಕಲಮಿನಂತೆ ರಾಜ್ಯ ಪರಿಷತ್ತಿನ ಶಿಸ್ತು ಸಮಿತಿಯು ತಪ್ಪಿತಸ್ಥನಿಗೆ ಛೀಮಾರಿ ಹಾಕಬಹುದು, ಸನ್ನದನ್ನು ಕೆಲಕಾಲ ತಡೆಯಬಹುದು, ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ದೂರು ಒಂದು ವರ್ಷದೊಳಗೆ ತೀರದಿದ್ದರೆ ಅದು ಭಾರತೀಯ ಪರಿಷತ್ತಿಗೆ ಹೋಗುತ್ತದೆ. ನ್ಯಾಯಾಧೀಶರೇ ತಪ್ಪಿದರೆ? ಯೋಗ್ಯ ಅಧಿಕಾರಿಗಳಿಗೆ ದೂರು ಕೊಡುವುದು ವಕೀಲನ ಹಕ್ಕು, ಕರ್ತವ್ಯವೂ ಹೌದೆಂದು ಪರಿಷತ್ತಿನ ನಿಯಮವೇ ಹೇಳುತ್ತದೆ. ಕೂಗಾಟಕ್ಕೆ ಕಾರಣವೆಲ್ಲಿ ಉಳಿಯಿತು?

ಹಿಂದೆ ನಮ್ಮ ಜಿಲ್ಲೆಯು ಮದರಾಸಿನ ಹೈಕೋರ್ಟಿಗೂ, ಧಾರವಾಡವು ಮುಂಬಯಿಯ ಹೈಕೋರ್ಟಿಗೂ ಒಳಪಟ್ಟಿದ್ದುವು. 1956ರ ಏಕೀಕರಣದ ಫಲವಾಗಿ ಇಂದು ಕುಂದಾಪುರದ ದೂರೂ ಕಲಬುರಗಿಯ ದೂರೂ ಬೆಂಗಳೂರಿನ ಒಂದೇ ಪರಿಷತ್ತಿಗೆ ಸಲ್ಲುತ್ತವೆ. ಕಾಸರಗೋಡಿನ ಸೋದರರು ಮಾತ್ರ ಈಗಲೂ ಕೇರಳದ ಪರಿಷತ್ತಿಗೇ ಹೋಗಬೇಕು. ಹೋರಾಡಿ ಪಡೆದ ಮನೆಯನ್ನು ಗುಡಿಸದೆ ಬಿಡುವುದು ನಮಗೆ ಶೋಭಿಸದು.

ಒಂದು ದಿನದ ದುಡಿಮೆಯನ್ನು ಬಿಟ್ಟು ಕುಂದಾಪುರದ ಕೋರ್ಟಿಗೆ ಹೋದ ಮೊಗವೀರನು, ವಕೀಲನ ಜಗಳದ ದೆಸೆಯಿಂದ ಬರಿಯ ವಾಯಿದೆಯನ್ನು ಹೊತ್ತು ಹಿಂದಿರುಗಿದರೆ, ನಷ್ಟವಾದದ್ದು ಯಾರಿಗೆ? ನ್ಯಾಯಾಧೀಶರಿಗಲ್ಲ, ವಕೀಲನಿಗಲ್ಲ. ಉಪಾಧ್ಯಾಯರೇ, ಅಂತಹವನ ದೂರನ್ನು ಬರೆದುಕೊಡಿರಿ. ವಕೀಲ ಮಿತ್ರರೇ, ನಮ್ಮವನೆಂಬ ಮೋಹದಿಂದ ತಪ್ಪಿತಸ್ಥನನ್ನು ಮರೆಮಾಡದಿರೋಣ. ನಮ್ಮ ಕರಿಯ ನಿಲುವಂಗಿಯ ಗೌರವವು ಆ ಬಡವನ ನಂಬಿಕೆಯಿಂದ ಬಂದದ್ದು.